ಮಗುವಿನ ಮುಖ ಕೆಡಿಸುವುದು ಲೆನ್ಸ್ ಅಲ್ಲ, ನೀವು ನಿಂತ ಜಾಗ

"ಈ ಫೋನಿನ ಲೆನ್ಸ್ ಸರಿ ಇಲ್ಲ, ಮಗು ಮುಖ ಊದಿಕೊಂಡ ಹಾಗೆ ಬರುತ್ತೆ." ಈ ದೂರನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಫೋಟೋ ತೆಗೆಯುವುದನ್ನೇ ಕಸುಬು ಮಾಡಿಕೊಂಡವರೂ ಇದೇ ಧಾಟಿಯಲ್ಲಿ ಮಾತಾಡುತ್ತಾರೆ. ಅಗಲ ನೋಟದ ವೈಡ್ ಲೆನ್ಸ್ ಮೂಗು ದಪ್ಪ ಮಾಡುತ್ತೆ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಮುಖ ಚಪ್ಪಟೆ ಮಾಡುತ್ತೆ, ಅಂತ. ಇದು ತಪ್ಪು. ಮೂಗು, ಕಿವಿ, ಕೆನ್ನೆ ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದನ್ನು ನಿರ್ಧರಿಸುವುದು ದೂರ. ಕ್ಯಾಮೆರಾ ಎಲ್ಲಿದೆ, ಮಗು ಎಲ್ಲಿದೆ, ಹಿಂದಿನ ಮರ ಎಲ್ಲಿದೆ, ಇಷ್ಟು ಗೊತ್ತಾದರೆ ಚಿತ್ರದೊಳಗಿನ ಅಳತೆಗಳೆಲ್ಲ ಆಗಲೇ ತೀರ್ಮಾನವಾಗಿರುತ್ತವೆ. ಆ ನೋಟದಲ್ಲಿ ಎಷ್ಟು ಭಾಗವನ್ನು ಒಳಗೆ ಸೇರಿಸಿಕೊಳ್ಳಬೇಕು ಎಂಬುದಷ್ಟೇ ಲೆನ್ಸಿನ ಪಾಲಿನ ಕೆಲಸ.

ನಂಬಿಕೆ ಬರದಿದ್ದರೆ ಅಂಗಳದಲ್ಲೇ ಪರೀಕ್ಷೆ ಮಾಡಬಹುದು. ಮೂರು ಮೀಟರ್ ದೂರದಿಂದ ಝೂಮ್ ಇಲ್ಲದೆ ಮಗುವಿನ ಒಂದು ಫೋಟೋ ತೆಗೆಯಿರಿ. ಅಲ್ಲೇ ನಿಂತು ಝೂಮ್ ಮಾಡಿ ಇನ್ನೊಂದು ತೆಗೆಯಿರಿ. ಮೊದಲನೆಯದರಲ್ಲಿ ಮುಖವನ್ನು ಬೆರಳಿನಿಂದ ಹಿಗ್ಗಿಸಿ ಎರಡನೆಯದರ ಜೊತೆ ಹೋಲಿಸಿ. ಸ್ವಲ್ಪ ಮಸುಕಾಗಿರಬಹುದು, ಅಷ್ಟೇ. ಮೂಗು, ಕಿವಿ, ಗಲ್ಲದ ಪ್ರಮಾಣ ಎರಡರಲ್ಲೂ ಒಂದೇ.

ಈಗ ಲೆಕ್ಕ. ಮಗುವಿನ ಮೂಗಿನ ತುದಿಗಿಂತ ಕಿವಿ ಸುಮಾರು 10 ಸೆಂ.ಮೀ. ಹಿಂದಿದೆ ಅಂತಿಟ್ಟುಕೊಳ್ಳಿ. ಫೋನನ್ನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದರೆ ಕಿವಿ 40 ಸೆಂ.ಮೀ. ದೂರದಲ್ಲಿರುತ್ತದೆ. ದೂರ ಜಾಸ್ತಿಯಾದಷ್ಟೂ ವಸ್ತು ಸಣ್ಣದಾಗಿ ಮೂಡುತ್ತದೆ. ಹಾಗಾಗಿ ಕಿವಿಗೆ ಹೋಲಿಸಿದರೆ ಮೂಗು ಮೂರನೇ ಒಂದು ಪಾಲು ಹೆಚ್ಚು ಹಿಗ್ಗುತ್ತದೆ. ಒಂದೂವರೆ ಮೀಟರ್ ದೂರಕ್ಕೆ ಸರಿದರೆ ಆ ಹೆಚ್ಚುವರಿ ಸುಮಾರು 7 ಪ್ರತಿಶತಕ್ಕೆ ಇಳಿಯುತ್ತದೆ. ಮೂರು ಮೀಟರ್ ಅಂದರೆ 3 ಪ್ರತಿಶತ. ಅದರಾಚೆಗೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. 2018ರಲ್ಲಿ ಅಮೆರಿಕದ ವೈದ್ಯರು ಸೆಲ್ಫಿಗಳ ಬಗ್ಗೆ ಇಂಥದೇ ಲೆಕ್ಕ ಪ್ರಕಟಿಸಿದರು. ಸೆಲ್ಫಿ ನೋಡಿ ಮೂಗು ದಪ್ಪ ಅನ್ನಿಸಿ ಶಸ್ತ್ರಚಿಕಿತ್ಸೆ ಕೇಳಿಕೊಂಡು ಜನ ಬರುತ್ತಿದ್ದರು. ಒಂದೂವರೆ ಮೀಟರ್ ದೂರದ ಫೋಟೋಗಿಂತ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ ಎಂದು ಅವರು ತೋರಿಸಿಕೊಟ್ಟರು. ಅಂಗಡಿಯಲ್ಲಿ ಫೋನ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ಎರಡು ಹೆಜ್ಜೆ ಹಿಂದೆ ಹೋದರೆ ಸರಿಹೋಗುತ್ತದೆ.

ಹಾಗಾದರೆ ನಮ್ಮ ಕಣ್ಣಿಗೆ ಯಾಕೆ ಹೀಗೆ ಕಾಣುವುದಿಲ್ಲ? ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಿ ಅದರ ಮುಖವನ್ನು ಒಂದಡಿ ದೂರದಿಂದಲೇ ನೋಡುತ್ತಾಳೆ. ಅವಳಿಗೆ ಮೂಗು ದಪ್ಪ ಅನ್ನಿಸುವುದಿಲ್ಲ ಅಲ್ವಾ? ಇಲ್ಲೇ ಇರುವುದು ನನಗೆ ಅತ್ಯಂತ ಇಷ್ಟವಾದ ಸಂಗತಿ. ನಿಮ್ಮ ಒಂದು ಅಂಗೈಯನ್ನು ಮುಖದಿಂದ 20 ಸೆಂ.ಮೀ. ದೂರ ಹಿಡಿಯಿರಿ, ಇನ್ನೊಂದನ್ನು 60 ಸೆಂ.ಮೀ. ದೂರ ಚಾಚಿ. ಕಣ್ಣಿನ ಪರದೆಯ ಮೇಲೆ ಹತ್ತಿರದ ಕೈ ದೂರದ್ದಕ್ಕಿಂತ ಮೂರು ಪಟ್ಟು ಉದ್ದಕ್ಕೆ ಮೂಡುತ್ತದೆ. ಆದರೂ ಎರಡೂ ಕೈ ಸಮ ಅಂತಲೇ ನಿಮಗೆ ಅನ್ನಿಸುತ್ತದೆ. ಮೆದುಳು ಎರಡೂ ಕಣ್ಣಿನ ನೋಟ, ಕಣ್ಣುಗುಡ್ಡೆಗಳು ಒಳಕ್ಕೆ ತಿರುಗಿದ ಪ್ರಮಾಣ, ಸುತ್ತಲಿನ ವಸ್ತುಗಳು ಎಲ್ಲವನ್ನೂ ನೋಡಿ ದೂರವನ್ನು ಅಂದಾಜು ಮಾಡುತ್ತದೆ. ಆಮೇಲೆ ಆ ದೂರಕ್ಕೆ ತಕ್ಕಂತೆ ಗಾತ್ರವನ್ನು ತಿದ್ದಿಬಿಡುತ್ತದೆ. 1637ರಲ್ಲೇ ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ ಇದನ್ನು ಗಮನಿಸಿ ಬರೆದಿದ್ದ. ಫೋಟೋದಲ್ಲಿ ಈ ತಿದ್ದುಪಡಿ ಸೋಲುತ್ತದೆ. ಕಾಗದದ ಮೇಲೆ ಮೂಗೂ ಕಿವಿಯೂ ಒಂದೇ ದೂರದಲ್ಲಿವೆ. ತಿದ್ದಲು ಮೆದುಳಿಗೆ ಆಧಾರ ಸಾಲುವುದಿಲ್ಲ. ಕ್ಯಾಮೆರಾ ನಿಜವನ್ನೇ ದಾಖಲಿಸಿರುತ್ತದೆ. ನಾವು ನೋಡುತ್ತಿರುವ ಜಾಗ ಮಾತ್ರ ಬೇರೆ.

ಈ "ಜಾಗ"ದ ರಹಸ್ಯ ಹೊಸದಲ್ಲ. ಸುಮಾರು 600 ವರ್ಷದ ಹಿಂದೆ ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಎಂಬ ಶಿಲ್ಪಿ ಅಲ್ಲಿನ ಬ್ಯಾಪ್ಟಿಸ್ಟ್ರಿ (ಕ್ರೈಸ್ತರ ದೀಕ್ಷಾಸ್ನಾನದ ಮಂದಿರ) ಕಟ್ಟಡದ ಒಂದು ಚಿತ್ರ ಬರೆದ. ಆ ಹಲಗೆಗೆ ತೂತು ಕೊರೆದು, ನೋಡುವವರು ಹಿಂದಿನಿಂದ ಆ ತೂತಿಗೆ ಕಣ್ಣಿಟ್ಟು, ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರವನ್ನು ನೋಡುವಂತೆ ಮಾಡಿದ. ಅಷ್ಟೆಲ್ಲ ಕಷ್ಟ ಯಾಕೆ? ಒಂದು ಚಿತ್ರವನ್ನು ಸರಿಯಾಗಿ ನೋಡಲು ಒಂದೇ ಒಂದು ಜಾಗ ಇರುತ್ತದೆ. ಕಣ್ಣು ಅಲ್ಲಿಯೇ ಇರಲಿ ಎಂದು.

ಫೋಟೋಗಳಿಗೂ ಅದೇ ಮಾತು ಅನ್ವಯ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 26 ಮಿ.ಮೀ. ಫೋಕಲ್ ದೂರದ ಲೆನ್ಸಿಗೆ ಸಮ (ಈ ಸಂಖ್ಯೆ ಸಣ್ಣದಾದಷ್ಟೂ ನೋಟ ಅಗಲ), ಅಂದರೆ 36 ಮಿ.ಮೀ. ಅಗಲದ ಹಳೆಯ ಫಿಲ್ಮಿನ ಲೆಕ್ಕದಲ್ಲಿ. ಆ ಫೋಟೋವನ್ನು ಆಲ್ಬಮ್ಮಿನ 6×4 ಇಂಚಿನ ಪ್ರಿಂಟ್ ಮಾಡಿಸಿದರೆ ಅದು ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. 26ನ್ನೂ ಅಷ್ಟೇ ಹಿಗ್ಗಿಸಿದರೆ 11 ಸೆಂ.ಮೀ. ಆ ಪ್ರಿಂಟನ್ನು ಮುಖದಿಂದ 11 ಸೆಂ.ಮೀ. ದೂರದಲ್ಲಿ ಹಿಡಿದು ಒಂದೇ ಕಣ್ಣಲ್ಲಿ ನೋಡಿದರೆ ಮಗುವಿನ ಮೂಗು ಸರಿಯಾದ ಅಳತೆಗೆ ಬರಬೇಕು! ಆಲ್ಬಮ್ಮನ್ನು ಹಾಗೆ ಯಾರೂ ನೋಡುವುದಿಲ್ಲ. ಒಂದಡಿಗಿಂತ ಸ್ವಲ್ಪ ಜಾಸ್ತಿ, ಸುಮಾರು 35 ಸೆಂ.ಮೀ. ದೂರದಲ್ಲಿ ಹಿಡಿಯುತ್ತೇವೆ. ಲೆಕ್ಕವನ್ನು ತಿರುಗಿಸಿ. 35 ಸೆಂ.ಮೀ. ದೂರದಿಂದ ಸರಿಯಾಗಿ ಕಾಣಬೇಕಾದರೆ ಯಾವ ಲೆನ್ಸ್ ಬೇಕು? ಸುಮಾರು 85 ಮಿ.ಮೀ. ಸ್ಟುಡಿಯೋದವರು ತಲೆತಲಾಂತರದಿಂದ "ಪೋರ್ಟ್ರೇಟ್ ಲೆನ್ಸ್" ಅನ್ನುತ್ತಿರುವುದು ಇದನ್ನೇ. 85ರ ಲೆನ್ಸ್ ಹಾಕಿದವರು ಮುಖ ತುಂಬಿಸಲು ತಾವಾಗಿಯೇ ದೂರ ಹೋಗಬೇಕಾಗುತ್ತದೆ. ನಾವು ಚಿತ್ರ ನೋಡುವ ದೂರಕ್ಕೂ ಅದು ಸರಿಹೊಂದುತ್ತದೆ. ಅದರಲ್ಲಿರುವ ಮಾಯೆ ಇಷ್ಟೇ. ಫೋನಿನಲ್ಲಿ ಎರಡು ಅಥವಾ ಮೂರು ಪಟ್ಟು ಝೂಮ್ ಒತ್ತಿ ಮೂರು ಮೀಟರ್ ಹಿಂದೆ ನಿಂತರೆ ನೀವೂ ಆ ಜಾಗಕ್ಕೆ ಹತ್ತಿರ ಬರುತ್ತೀರಿ.

ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳಕ್ಕೆ ಯಾವಾಗ ಹೋದರೂ ಇದರ ಇನ್ನೊಂದು ಮುಖ ಕಾಣುತ್ತದೆ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ಎದುರು ಮಗುವನ್ನು ನಿಲ್ಲಿಸಿ ಫೋಟೋ ತೆಗೆಯದ ಅಪ್ಪ ಅಮ್ಮ ಇಲ್ಲ. ಅಪ್ಪ ಮಗುವನ್ನು ರಥದ ಹತ್ತಿರಕ್ಕೇ ಕಳಿಸುತ್ತಾರೆ. ರಥ ಪೂರ್ತಿ ಬರಲಿ ಅಂತ ತಾವು ಹಿಂದೆ ಹಿಂದೆ ಹೋಗುತ್ತಾರೆ. ಫೋಟೋದಲ್ಲಿ ರಥ ಇದೆ, ಮಗುವನ್ನು ಹುಡುಕಬೇಕು. ಇಲ್ಲವೇ ಮಗುವಿನ ಮೂತಿಗೇ ಫೋನ್ ಹಿಡಿಯುತ್ತಾರೆ. ಆಗ ಮಗು ಇದೆ, ರಥ ಆಟಿಕೆಯಷ್ಟಾಗಿದೆ. ಎರಡೂ ಬೇಕಾದರೆ ಮೊದಲು ಮಗುವನ್ನು ರಥದಿಂದ ಮುಂದಕ್ಕೆ, ಒಂದು 20 ಮೀಟರ್ ಈಚೆಗೆ ಕರೆತನ್ನಿ. ನೀವು ಮಗುವಿನಿಂದ ಒಂದೂವರೆ ಮೀಟರ್ ದೂರದಲ್ಲಿದ್ದರೆ ರಥ ನಿಮ್ಮಿಂದ 21.5 ಮೀಟರ್ ದೂರ. ಮಗುವಿನ ಅಳತೆಗೆ ಹೋಲಿಸಿದರೆ ರಥ ಹದಿನಾಲ್ಕರಲ್ಲಿ ಒಂದು ಪಾಲಿಗೆ ಕುಗ್ಗಿರುತ್ತದೆ. ಅದೇ 10 ಮೀಟರ್ ಹಿಂದೆ ಹೋಗಿ ಝೂಮ್ ಮಾಡಿದರೆ ಮಗು 10, ರಥ 30. ಕುಗ್ಗುವುದು ಮೂರರಲ್ಲಿ ಒಂದು ಪಾಲಿಗೆ ಮಾತ್ರ. ಮಗು ಮೊದಲಿನಷ್ಟೇ ದೊಡ್ಡದಾಗಿದೆ, ಅದರ ಬೆನ್ನ ಹಿಂದೆ ರಥ ಐದು ಪಟ್ಟಿನ ಹತ್ತಿರ ಬೆಳೆದು ನಿಂತಿದೆ. "ಟೆಲಿ ಲೆನ್ಸ್ ಹಿನ್ನೆಲೆಯನ್ನು ಎಳೆದು ತರುತ್ತೆ" ಅಂತ ಹೇಳುವುದು ಇದನ್ನೇ. ಎಳೆದು ತಂದದ್ದು ನಿಮ್ಮ ಕಾಲು.

ಇದೇ ರಥವನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಇವತ್ತು ಅದಿಲ್ಲ. ಆ ಕಾಲದ ಕಾಗದದ ನೆಗೆಟಿವ್‌ಗೆ ಬೆಳಕು ಕುಡಿಯಲು ಬಹಳ ಹೊತ್ತು ಬೇಕಿತ್ತು, ಆಡುವ ಮಗು ಅದರಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಮನುಷ್ಯರ ಮುಖಕ್ಕಾಗಿಯೇ ಲೆಕ್ಕ ಹಾಕಿ ಮಾಡಿದ, ಹೆಚ್ಚು ಬೆಳಕು ಒಳಬಿಡುವ ವೇಗದ ಲೆನ್ಸನ್ನು ಪೆಟ್ಸ್‌ವಾಲ್ ಎಂಬ ಗಣಿತಜ್ಞ 1840ರಲ್ಲಿ ವಿಯೆನ್ನಾದಲ್ಲಿ ರೂಪಿಸಿದ. ಆ ಲೆಕ್ಕಕ್ಕೆ ಫಿರಂಗಿದಳದ ಸೈನಿಕರ ನೆರವು ಪಡೆದಿದ್ದ. ಆದರೂ ಯುರೋಪಿನ ಸ್ಟುಡಿಯೋಗಳಲ್ಲಿ ತಾಯಂದಿರು ಬಟ್ಟೆ ಹೊದ್ದು ಮರೆಯಾಗಿ ಕೂತು ಮಗು ಅಲುಗದಂತೆ ಹಿಡಿದುಕೊಳ್ಳಬೇಕಾಗಿತ್ತು.

ದೂರದಷ್ಟೇ ಮುಖ್ಯವಾದದ್ದು ಎತ್ತರ. ದೊಡ್ಡವರ ತಲೆ ಮೈಯುದ್ದದ ಏಳರಲ್ಲಿ ಒಂದು ಪಾಲಿಗೆ ಹತ್ತಿರ. ಹುಟ್ಟಿದ ಮಗುವಿನದು ನಾಲ್ಕರಲ್ಲಿ ಒಂದು, ಎರಡು ವರ್ಷದ ಮಗುವಿನದು ಸುಮಾರು ಐದರಲ್ಲಿ ಒಂದು. ಮೊದಲೇ ತಲೆ ದೊಡ್ಡದು. ಈಗ ನೀವು ನಿಂತುಕೊಂಡೇ, ಫೋನನ್ನು 150 ಸೆಂ.ಮೀ. ಎತ್ತರದಲ್ಲಿ ಹಿಡಿದು, 60 ಸೆಂ.ಮೀ. ಮುಂದಿರುವ 90 ಸೆಂ.ಮೀ. ಎತ್ತರದ ಮಗುವಿನ ಫೋಟೋ ತೆಗೆಯುತ್ತೀರಿ. ಫೋನಿನಿಂದ ನೆತ್ತಿಗೆ 85 ಸೆಂ.ಮೀ., ಪಾದಕ್ಕೆ 160 ಸೆಂ.ಮೀ. ದಾಟುತ್ತದೆ. ತಲೆ ಪಾದಕ್ಕಿಂತ ಎರಡು ಪಟ್ಟಿನ ಹತ್ತಿರ ಹಿಗ್ಗುತ್ತದೆ. ಮುದ್ದಾದ ಮಗು ಗೊದಮೊಟ್ಟೆಯ ಹಾಗೆ ಕಾಣುತ್ತದೆ. ಮೂರು ಮೀಟರ್ ಹಿಂದೆ ಹೋಗಿ ಮಗುವಿನ ಕಣ್ಣಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತರೆ ಈ ವ್ಯತ್ಯಾಸ 3 ಪ್ರತಿಶತದ ಆಸುಪಾಸಿಗೆ ಬರುತ್ತದೆ.

ಕೂತರೆ ಇನ್ನೊಂದು ಲಾಭ ಇದೆ. ಇದನ್ನು ತಿಳಿದವರು ಕಡಿಮೆ. ಸಮತಟ್ಟಾದ ಜಾಗದಲ್ಲಿ ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಇರುತ್ತದೆ. ಮಲ್ಪೆ ಬೀಚಿಗೆ ಹೋದಾಗ ನೋಡಿ. ಒಂದು ಮೀಟರ್ ಎತ್ತರದ ಮಗು ಮರಳ ಮೇಲೆ ನಿಂತಿದೆ. ನೀವು ನಿಂತು ತೆಗೆದರೆ ಸಮುದ್ರದ ಗೆರೆ ಮಗುವಿನ ತಲೆಗಿಂತ ಮೇಲೆ ಹೋಗುತ್ತದೆ. ಮಗು ಪೂರ್ತಿಯಾಗಿ ಮರಳು ನೀರಿನೊಳಗೆ ಅಂಟಿಕೊಂಡಂತೆ ಇರುತ್ತದೆ. ಫೋನನ್ನು ಮಗುವಿನ ಕತ್ತಿನ ಎತ್ತರಕ್ಕೆ ಹಿಡಿದರೆ ಗೆರೆ ಸರಿಯಾಗಿ ಕತ್ತನ್ನೇ ಕೊಯ್ಯುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಸೊಂಟದ ಎತ್ತರಕ್ಕೆ ಇಳಿಸಿ. ಎದೆ, ಮುಖ, ಕೂದಲು ಎಲ್ಲ ಖಾಲಿ ಆಕಾಶದ ಮೇಲೆ ಬರುತ್ತದೆ. ಅದೇ ಮಗು ಎತ್ತರವಾಗಿ, ಧೈರ್ಯವಾಗಿ ನಿಂತಂತೆ ಕಾಣುತ್ತದೆ. ನೀವು ಮಗುವಿನಿಂದ ಎಷ್ಟು ದೂರ ಹೋದರೂ ಆ ಗೆರೆ ಅದರ ಮೈಮೇಲೆ ಅದೇ ಜಾಗದಲ್ಲಿರುತ್ತದೆ! ಎತ್ತರ ಬದಲಾಯಿಸಿದರೆ ಮಾತ್ರ ಕದಲುತ್ತದೆ. 1435ರಲ್ಲಿ ಇಟಲಿಯ ವಿದ್ವಾಂಸ ಆಲ್ಬೆರ್ಟಿ ಚಿತ್ರಕಾರರಿಗೆ ಹೇಳಿದ್ದೂ ಇದೇ: ನೋಟದ ಬಿಂದು ಚಿತ್ರದೊಳಗಿನ ಮನುಷ್ಯನಿಗಿಂತ ಎತ್ತರದಲ್ಲಿ ಇರಬಾರದು.

ಚೌಕಟ್ಟಿನ ಮಾತು ಬಂದರೆ ಎಲ್ಲರೂ "ಮೂರರ ನಿಯಮ" ಹೇಳುತ್ತಾರೆ. ಚಿತ್ರವನ್ನು ಮೂರು ಭಾಗ ಮಾಡಿ, ಗೆರೆಯ ಮೇಲೆ ಮುಖ ಇಡಿ, ಅಂತ. ಇದೇನೋ ಪ್ರಕೃತಿಯ ನಿಯಮ, ಸುವರ್ಣ ಅನುಪಾತದಿಂದ ಬಂದದ್ದು ಎಂದು ಪಾಠ ಮಾಡುವವರೂ ಇದ್ದಾರೆ. ಸುವರ್ಣ ಅನುಪಾತ 1.618, ಮೂರರ ನಿಯಮ ಕೊಡುವ ಅನುಪಾತ 2. ಎರಡೂ ಒಂದಲ್ಲ. ಈ ಹೆಸರು ಕೊಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ, ಹಳ್ಳಿಗಾಡಿನ ನಿಸರ್ಗಚಿತ್ರಗಳ ಬಗ್ಗೆ ಬರೆಯುವಾಗ. ಆಗಿನ್ನೂ ಫೋಟೋಗ್ರಫಿಯೇ ಹುಟ್ಟಿರಲಿಲ್ಲ. ಮಗು ನೋಡುತ್ತಿರುವ ಕಡೆಗೆ ಸ್ವಲ್ಪ ಜಾಗ ಬಿಡಿ ಅನ್ನುವುದು ಒಳ್ಳೆಯ ಸಲಹೆ. ಆದರೆ ಫೋನಿನ 0.5 ಎಕ್ಸ್ ಲೆನ್ಸಿನಲ್ಲಿ ಮಗುವನ್ನು ಅಂಚಿಗೆ ಸರಿಸಬೇಡಿ. ಇಲ್ಲಿ ಮಾತ್ರ ಲೆನ್ಸಿನ ಅಗಲದ ಕೈವಾಡ ಇದೆ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಚಿತ್ರವಾಗಿ ಹರಡಿದಾಗ ಅಂಚಿನಲ್ಲಿರುವ ದುಂಡು ವಸ್ತು ಮೊಟ್ಟೆಯಾಕಾರಕ್ಕೆ ಎಳೆಯಲ್ಪಡುತ್ತದೆ. ಸಾಫ್ಟ್‌ವೇರ್ ತಿದ್ದದಿದ್ದರೆ ತುದಿಯಲ್ಲಿ ಈ ಎಳೆತ ಒಂದೂವರೆ ಪಟ್ಟನ್ನೂ ದಾಟಬಹುದು.

ಮೂವರು ಒಟ್ಟಿಗೆ ನಿಂತು ಫೋಟೋ ತೆಗೆಸಬಾರದು, ಮಧ್ಯದವರಿಗೆ ಕೆಡುಕಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಮೂವರು ಮಕ್ಕಳಿರುವ ಮನೆಯಲ್ಲಿ ಒಬ್ಬರನ್ನು ಪಕ್ಕಕ್ಕೆ ಸರಿಸಿ ಫೋಟೋ ತೆಗೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಆ ಪುಟ್ಟ ಮುಖಕ್ಕೆ ಕಾರಣ ಹೇಗೆ ಹೇಳುವುದು? ವೈಡ್ ಲೆನ್ಸಿನ ಚಿತ್ರದಲ್ಲಿ ಅಳತೆ ಸ್ವಲ್ಪವೂ ಕೆಡದ ಜಾಗ ಮಧ್ಯದ್ದೇ. ಎಳೆದುಕೊಳ್ಳುವುದು ಎರಡು ಬದಿಯವರು. ಮೂವರನ್ನೂ ನಿಲ್ಲಿಸಿ, ನೀವು ಹಿಂದೆ ಹೋಗಿ, ಅಷ್ಟೇ.

ಇನ್ನು ಮರದ ನೆರಳು. ಬಿಸಿಲು ಜೋರಾಗಿದೆ ಅಂತ ಮಗುವನ್ನು ಹೊಂಗೆ ಮರದಡಿ ನಿಲ್ಲಿಸುತ್ತೀರಿ. ಫೋಟೋದಲ್ಲಿ ಮುಖದ ತುಂಬ ಬಿಳಿ ಚುಕ್ಕೆಗಳು. ಒಂದು ಚುಕ್ಕೆ ಹಣೆಯ ಮೇಲೆ, ಇನ್ನೊಂದು ಕೆನ್ನೆಯನ್ನು ಪೂರ್ತಿ ನುಂಗಿದೆ, ದೃಷ್ಟಿಬೊಟ್ಟು ಅರ್ಧ ಬೆಳಕಲ್ಲಿ ಅರ್ಧ ಕತ್ತಲಲ್ಲಿ. ಎಲೆಗಳ ನಡುವಿನ ಸಂದಿ ಯಾವ ಆಕಾರದಲ್ಲಿದ್ದರೂ ಈ ಚುಕ್ಕೆಗಳು ದುಂಡಗೇ ಇರುತ್ತವೆ. ಯಾಕೆಂದರೆ ಪ್ರತಿಯೊಂದು ಚುಕ್ಕೆಯೂ ಸೂರ್ಯನ ಚಿತ್ರ. ಒಂದೊಂದು ಸಂದಿಯೂ ಲೆನ್ಸ್ ಇಲ್ಲದೆ ಸಣ್ಣ ತೂತಿನಿಂದಲೇ ಚಿತ್ರ ಮೂಡಿಸುವ ಒಂದು ಸೂಜಿರಂಧ್ರ ಕ್ಯಾಮೆರಾ. 1604ರಲ್ಲಿ ಖಗೋಳವಿಜ್ಞಾನಿ ಕೆಪ್ಲರ್ ಇದನ್ನು ಸ್ಪಷ್ಟವಾಗಿ ವಿವರಿಸಿದ. ಚುಕ್ಕೆಯ ಅಗಲ ಸಂದಿಯ ದೂರದ ನೂರೆಂಟರಲ್ಲಿ ಒಂದು ಪಾಲು. ಐದು ಮೀಟರ್ ಮೇಲಿನ ಸಂದಿಯಿಂದ ಬಿದ್ದರೆ ನಾಲ್ಕೂವರೆ ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಮಗುವಿನ ಕೆನ್ನೆಯಷ್ಟು.

2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣದ ಹೊತ್ತಿನಲ್ಲಿ ಕರ್ನಾಟಕದ ಮರಗಳಡಿ ಈ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ಮಕ್ಕಳಿಗೆ ತೋರಿಸಲು ಅದಕ್ಕಿಂತ ಚೆಂದದ ಪಾಠ ಬೇರೆ ಇಲ್ಲ. ಅದೇ ಬೆಳಿಗ್ಗೆ ಕಲಬುರಗಿಯ ಬಳಿ ಅಂಗವೈಕಲ್ಯವಿದ್ದ ಮಕ್ಕಳನ್ನು, ಗುಣವಾಗುತ್ತದೆ ಎಂಬ ನಂಬಿಕೆಯಿಂದ, ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಸುದ್ದಿ ಓದಿದ ಸಿಟ್ಟು ನನಗೆ ಇನ್ನೂ ಆರಿಲ್ಲ.

ಚುಕ್ಕೆ ಬೇಡವಾದರೆ ಮಗುವನ್ನು ದಟ್ಟ ನೆರಳಿನ ಅಂಚಿಗೆ ಕರೆತನ್ನಿ. ಕಟ್ಟಡದ ನೆರಳು ಇನ್ನೂ ಒಳ್ಳೆಯದು, ಅದರಲ್ಲಿ ಸಂದಿಗಳೇ ಇಲ್ಲ. ಮುಖ ಬಯಲಿನ ಕಡೆಗೆ, ಆಕಾಶಕ್ಕೆ ತೆರೆದುಕೊಂಡಿರಲಿ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ, ಅದಕ್ಕೇ ಅದರ ನೆರಳು ಚೂಪು. ತೆರೆದ ಆಕಾಶ ಅಷ್ಟಗಲಕ್ಕೂ ಹರಡಿದ ದೀಪ. ಮೂಗಿನ ಕೆಳಗಿನ ಕಪ್ಪು ಕರಗುತ್ತದೆ, ಮಗು ಕಣ್ಣು ಕಿರಿದು ಮಾಡುವುದಿಲ್ಲ. ಕಣ್ಣಿನ ಕರಿಗುಡ್ಡೆಯಲ್ಲಿ ಆಕಾಶದ ಒಂದು ಬಿಳಿ ತುಣುಕು ಹೊಳೆಯುತ್ತಿದೆಯಾ ನೋಡಿ. ಇಲ್ಲದಿದ್ದರೆ ಮುಖ ಗೋಡೆಯ ಕಡೆಗಿದೆ ಅಂತ ಅರ್ಥ. ಆಗ ಮಗುವನ್ನು ತಿರುಗು ಅಂತ ಪೀಡಿಸಬೇಡಿ. ನೀವೇ ಆ ಕಡೆಗೆ ಹೋಗಿ ಕೂತು ಕರೆಯಿರಿ, ಅದು ತಾನಾಗಿ ತಿರುಗುತ್ತದೆ.