ಪದಕವನ್ನು ನಾಲ್ಕು ಮಳೆಗಾಲ ಕಳೆದ ಮೇಲೆ ಕೊಡಿ

1964ರ ಡಿಸೆಂಬರ್ 22ರ ರಾತ್ರಿ ರಾಮೇಶ್ವರದ ಕಡೆ ಬೀಸಿದ ಚಂಡಮಾರುತಕ್ಕೆ ಪಂಬನ್ ರೈಲು ಸೇತುವೆಯ ಬಹುತೇಕ ಉಕ್ಕಿನ ತೊಲೆಗಳು, ಅಂದರೆ ಗರ್ಡರ್‌ಗಳು ಕಡಲು ಸೇರಿದವು. ಧನುಷ್ಕೋಟಿಗೆ ಹೊರಟಿದ್ದ ಪ್ಯಾಸೆಂಜರ್ ರೈಲೂ ಪ್ರಯಾಣಿಕರ ಸಮೇತ ಕೊಚ್ಚಿಹೋಯಿತು. ಸೇತುವೆಯನ್ನು ಮತ್ತೆ ನಿಲ್ಲಿಸಲು ರೈಲ್ವೆ ಹಾಕಿಕೊಂಡ ಗಡುವು ಆರು ತಿಂಗಳು. ಜನರಲ್ ಮ್ಯಾನೇಜರ್ ಅದನ್ನು ಮೂರಕ್ಕೆ ಇಳಿಸಿದರು. ಕೆಲಸ ವಹಿಸಿಕೊಂಡ ಇ. ಶ್ರೀಧರನ್ ಎಂಬ 32ರ ಎಂಜಿನಿಯರ್ 46 ದಿನಗಳಲ್ಲಿ ಮುಗಿಸಿ ರೈಲ್ವೆ ಸಚಿವರ ಪ್ರಶಸ್ತಿ ಪಡೆದರು. ಯೋಜನೆಯೊಂದನ್ನು ಚೆನ್ನಾಗಿ ನಿರ್ವಹಿಸಿದ್ದಕ್ಕೆ ಪದಕ ಕೊಡುವಾಗ ಏನನ್ನು ನೋಡಬೇಕು ಎಂಬುದು ಇಲ್ಲಿನ ಪ್ರಶ್ನೆ.

ಈ ಕಥೆಯನ್ನು ಹೇಳುವವರೆಲ್ಲ 46 ದಿನದ ಹತ್ತಿರ ನಿಂತುಬಿಡುತ್ತಾರೆ, ಹಗಲು ರಾತ್ರಿ ದುಡಿದರು ಎನ್ನುತ್ತಾರೆ. ದುಡಿದದ್ದು ನಿಜ. ಆದರೆ ಆರು ತಿಂಗಳ ಲೆಕ್ಕದಲ್ಲಿ ಕಾಲ ತಿನ್ನುತ್ತಿದ್ದದ್ದು ಬದಲಿ ಗರ್ಡರ್‌ಗಳನ್ನು ಹೊಂದಿಸಿ ತರುವ ಕೆಲಸ. ಬಿದ್ದ ಗರ್ಡರ್‌ಗಳು ನೀರಿನಡಿ ಎಲ್ಲಿವೆ ಎಂಬುದು ಅಲ್ಲಿನ ಮೀನುಗಾರರಿಂದ ತಿಳಿಯಿತು. ಅವನ್ನೇ ಮೇಲೆತ್ತಿ, ಸರಿಪಡಿಸಿ, ಕೂರಿಸಲು ಹೊರಟಾಗ ಇಡೀ ವೇಳಾಪಟ್ಟಿಯ ಲೆಕ್ಕವೇ ಬದಲಾಯಿತು. ಕೆಲಸ ಬೇಗ ಮುಗಿದದ್ದಕ್ಕೆ ನಿದ್ದೆಗೆಟ್ಟಿದ್ದಕ್ಕಿಂತ ಅತಿ ಉದ್ದದ ಸರಪಳಿಯನ್ನೇ ಕತ್ತರಿಸಿದ್ದು ದೊಡ್ಡ ಕಾರಣ.

ಆ ಸರಪಳಿಗೆ ಎಂಜಿನಿಯರ್‌ಗಳು ಕ್ರಿಟಿಕಲ್ ಪಾತ್ ಎನ್ನುತ್ತಾರೆ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ರಾಸಾಯನಿಕ ಕಂಪನಿ ತನ್ನ ಕಾರ್ಖಾನೆ ಕೆಲಸಗಳಿಗಾಗಿ ಈ ಲೆಕ್ಕವನ್ನು ರೂಪಿಸಿತು. ಮರುವರ್ಷ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಪರ್ಟ್ ಎಂಬ ಹೆಸರಿನಲ್ಲಿ ಇಂಥದ್ದೇ ಇನ್ನೊಂದನ್ನು ಮಾಡಿಕೊಂಡಿತು. ವಿಚಾರ ಸರಳ. ಪ್ರತಿ ಕೆಲಸಕ್ಕೂ ಎಷ್ಟು ದಿನ, ಅದಕ್ಕಿಂತ ಮೊದಲು ಯಾವುದು ಮುಗಿದಿರಬೇಕು ಎಂದು ಬರೆದುಕೊಂಡು ಒಂದಕ್ಕೊಂದು ಗೆರೆ ಎಳೆದು ಜೋಡಿಸಿ. ಆರಂಭದಿಂದ ಕೊನೆಯವರೆಗೆ ಹೋಗುವ ದಾರಿಗಳಲ್ಲಿ ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕೋ ಅದೇ ಕ್ರಿಟಿಕಲ್ ಪಾತ್. ಅದರ ಮೇಲಿನ ಕೆಲಸ ಒಂದು ದಿನ ತಡವಾದರೆ ಯೋಜನೆಯೇ ಒಂದು ದಿನ ತಡ. ಉಳಿದ ದಾರಿಗಳಲ್ಲಿ ಒಂದಿಷ್ಟು ಸಡಿಲು ಇರುತ್ತದೆ. ಅಲ್ಲಿ ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ರೈಲು ಒಂದು ದಿನವೂ ಮುಂಚೆ ಓಡುವುದಿಲ್ಲ.

ಕೊಂಕಣ ರೈಲು ಮಾರ್ಗ ಇದಕ್ಕೆ ಒಳ್ಳೆಯ ಉದಾಹರಣೆ. ನಿಗಮ ಹುಟ್ಟಿದ್ದು 1990ರಲ್ಲಿ. ಆಗ ರೈಲ್ವೆ ಸಚಿವರಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ನಿಗಮದ ಮುಖ್ಯಸ್ಥರಾಗಿ ಬಂದವರು ಅದೇ ಶ್ರೀಧರನ್. ಷೇರು ಬಂಡವಾಳದಲ್ಲಿ ರೈಲ್ವೆಯದು ಶೇ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಷೇರಿನ ಹೊರಗೆ ಬೇಕಾದ ಹಣದ ದೊಡ್ಡ ಪಾಲು ಬಾಂಡ್‌ಗಳಿಂದ ಬಂತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಪಕ್ಕದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್, ತೊಂಬತ್ತಕ್ಕೂ ಹೆಚ್ಚು ಸುರಂಗ, ಚಿಕ್ಕವು ದೊಡ್ಡವು ಸೇರಿ ಎರಡು ಸಾವಿರದಷ್ಟು ಸೇತುವೆ. ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ಮುಂಬಯಿ ಹೋಟೆಲುಗಳಿಗೆ ದುಡಿಯಲು ಹೋಗುತ್ತಿದ್ದ ಕರಾವಳಿಯವರಿಗೆ ಇದು ಎಂಥ ರೈಲು ಎಂದು ಬೇರೆ ಹೇಳಬೇಕಿಲ್ಲ.

ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲೇ ರೈಲು ಓಡಿತು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಎದ್ದಿತು. ರತ್ನಾಗಿರಿ ಬಳಿ ಪನ್ವಲ್ ನದಿಯ ಮೇಲೆ 64 ಮೀಟರ್ ಎತ್ತರದ ಕಂಬಗಳು ನಿಂತವು. ಅಲ್ಲಿ ಸೇತುವೆಯ ಮೇಲ್ಭಾಗವನ್ನು ದಡದಲ್ಲೇ ತುಂಡು ತುಂಡಾಗಿ ಎರಕ ಹೊಯ್ದು, ಜಾಕ್‌ಗಳಿಂದ ಕಂಬಗಳ ಮೇಲೆ ತಳ್ಳುತ್ತ ಹೋದರು, ನಮ್ಮ ದೇಶದಲ್ಲಿ ಮೊದಲ ಬಾರಿಗೆ. ಇಷ್ಟೆಲ್ಲ ಆದರೂ ಇಡೀ ಮಾರ್ಗದಲ್ಲಿ ರೈಲು ಓಡಲು 1998ರ ಜನವರಿ 26 ಬರಬೇಕಾಯಿತು. ತಡೆದದ್ದು ಮುಖ್ಯವಾಗಿ ಮಣ್ಣು, ಕಲ್ಲಲ್ಲ. ಸಹ್ಯಾದ್ರಿಯ ಬಂಡೆ ಕೊರೆಯಲು ಸ್ವೀಡನ್ನಿನಿಂದ ಯಂತ್ರಗಳು ಬಂದಿದ್ದವು. ಕೆಲವು ಸುರಂಗಗಳಲ್ಲಿ ಮಾತ್ರ ಬಂಡೆಯೇ ಇರಲಿಲ್ಲ, ನೀರು ಕುಡಿದು ಮೆತ್ತಗಾದ ಜೇಡಿ ಇತ್ತು. ತೋಡಿದಷ್ಟೂ ಕುಸಿಯುವ ಅಂಥ ಕಡೆ ಯಂತ್ರ ಬಿಟ್ಟು ಕೈಯಲ್ಲಿ ಅಗೆಯಬೇಕಾಯಿತು. ಗೋವಾದ ಪೆರ್ನೆಮ್ ಸುರಂಗ ಕೊನೆಯವರೆಗೂ ಕಾಡಿತು. ಶರಾವತಿ ಸೇತುವೆಯನ್ನು ಇನ್ನೊಂದು ವರ್ಷ ಮೊದಲೇ ಮುಗಿಸಿದ್ದರೂ ಮುಂಬಯಿ ಹತ್ತಿರವಾಗುತ್ತಿರಲಿಲ್ಲ.

ಹಾಗಾದರೆ ಗಡುವು ಮೀರಿದ ಈ ಯೋಜನೆಗೆ ನಿರ್ವಹಣೆಯ ಪ್ರಶಸ್ತಿ ಕೊಡಬಹುದೇ? ನಾನಾದರೆ ಕೊಡುತ್ತೇನೆ, ಆದರೆ ಸುರಂಗಕ್ಕಾಗಿ ಅಲ್ಲ. ಮಾರ್ಗವನ್ನು ಏಳು ವಿಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಕೂರಿಸಿ, ಸಹಿಗಾಗಿ ಫೈಲು ಊರೂರು ಸುತ್ತದ ಹಾಗೆ ಅಲ್ಲೇ ನಿರ್ಧರಿಸುವ ಅಧಿಕಾರ ಕೊಟ್ಟರಲ್ಲ, ಅದಕ್ಕೆ. ಉಳಿದ ದಿನಗಳನ್ನು ಎಣಿಸುತ್ತ ಇಳಿಯುವ ಗಡಿಯಾರಗಳನ್ನು ಕಚೇರಿಗಳಲ್ಲಿ ಹಾಕಿಸಿದ್ದಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ ಗುತ್ತಿಗೆದಾರರ ಬಿಲ್ಲಿನ ವಿಚಾರಕ್ಕೆ. ಬಿಲ್ಲಿನ ದೊಡ್ಡ ಪಾಲನ್ನು ತಕ್ಷಣ ಕೊಟ್ಟು, ತಪಾಸಣೆ ಮುಗಿದ ಮೇಲೆ ಮಿಕ್ಕದ್ದನ್ನು ಚುಕ್ತಾ ಮಾಡುವುದು ಶ್ರೀಧರನ್ ಅವರ ರೂಢಿ. ಸರ್ಕಾರಿ ಬಿಲ್ಲಿಗಾಗಿ ಕಾದವರಿಗೆ ಇದರ ಬೆಲೆ ಗೊತ್ತು. ಹಣ ನಿಂತರೆ ಕೂಲಿ ನಿಲ್ಲುತ್ತದೆ, ಕೂಲಿ ನಿಂತರೆ ಜನ ಬೇರೆ ಸೈಟಿಗೆ ಹೋಗುತ್ತಾರೆ. ಇದ್ಯಾವುದೂ ಉದ್ಘಾಟನೆಯ ಫೋಟೋದಲ್ಲಿ ಕಾಣುವಂಥದ್ದಲ್ಲ.

ಪತ್ರಿಕೆಗಳಲ್ಲಿ ಕಾಣುವುದು ‘ಶೇ 50ರಷ್ಟು ಆರ್ಥಿಕ ಪ್ರಗತಿ’ ಎಂಬ ಸಾಲು, ಅಂದರೆ ಕಾಮಗಾರಿಯ ಹಣದಲ್ಲಿ ಅರ್ಧ ಖರ್ಚಾಗಿದೆ ಎಂದು. ಇದರಷ್ಟು ದಾರಿ ತಪ್ಪಿಸುವ ಅಂಕಿ ಇನ್ನೊಂದಿಲ್ಲ. 100 ಕೋಟಿ ರೂಪಾಯಿಯ, 20 ತಿಂಗಳ ಕಾಮಗಾರಿ ಎಂದುಕೊಳ್ಳಿ. ಹತ್ತನೇ ತಿಂಗಳಿಗೆ 50 ಕೋಟಿ ಖರ್ಚಾಗಿದೆ, ಎಲ್ಲ ಸರಿಯಿದೆ ಎನಿಸುತ್ತದೆ. ಈಗ ಸೈಟಿಗೆ ಹೋಗಿ, ಆಗಿರುವ ಕೆಲಸವನ್ನು ಮೂಲ ಎಸ್ಟಿಮೇಟಿನ ದರದಲ್ಲೇ ಅಳೆಯಿರಿ. 35 ಕೋಟಿಯದಷ್ಟೇ ಆಗಿದ್ದರೆ, ಖರ್ಚಾದ ಪ್ರತಿ ರೂಪಾಯಿಗೆ ಬಂದದ್ದು 70 ಪೈಸೆಯ ಕೆಲಸ. ಇದೇ ಗತಿಯಲ್ಲಿ ಸಾಗಿದರೆ ಮುಗಿಯುವ ಹೊತ್ತಿಗೆ ಸುಮಾರು 143 ಕೋಟಿ ಬೇಕು, 28 ತಿಂಗಳೂ ದಾಟುತ್ತದೆ. ಅರ್ನ್ಡ್ ವ್ಯಾಲ್ಯೂ ಎಂಬ ಈ ಪದ್ಧತಿ ಕೇಳುವುದು ಗುಣಾಕಾರ ಭಾಗಾಕಾರವನ್ನಷ್ಟೇ. ಕಷ್ಟವಿರುವುದು 35 ಎಂದು ಪ್ರಾಮಾಣಿಕವಾಗಿ ಬರೆಯುವುದರಲ್ಲಿ.

ಮೊದಲ ಎಸ್ಟಿಮೇಟ್ ಕೂಡ ಎಷ್ಟು ಪ್ರಾಮಾಣಿಕ? ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾದ ಸಮಯವನ್ನು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲುಯಿಬ್ಯರ್ಗ್ ಜಗತ್ತಿನ 16,000ಕ್ಕೂ ಹೆಚ್ಚು ಯೋಜನೆಗಳ ದಾಖಲೆ ಕೂಡಿಹಾಕಿದರು. ಹೇಳಿದ ಹಣದಲ್ಲಿ, ಹೇಳಿದ ಸಮಯದಲ್ಲಿ ಮುಗಿದವು ಶೇ 8.5. ಹೇಳಿದ ಪ್ರಯೋಜನವನ್ನೂ ಕೊಟ್ಟವು ಶೇ 0.5. ಅವರ ಪರಿಹಾರ ಹೀಗಿದೆ: ನಿಮ್ಮ ಮೆಟ್ರೊ ಎಷ್ಟು ವಿಶೇಷ ಎಂದು ಹೇಳಬೇಡಿ, ಹಿಂದೆ ಕಟ್ಟಿದ ಮೆಟ್ರೊಗಳೆಲ್ಲ ಎಷ್ಟು ತಡವಾದವು ಎಂದು ನೋಡಿ, ಅದರಿಂದ ಲೆಕ್ಕ ಶುರುಮಾಡಿ. ಮಂಜೂರಾತಿ ಸಿಗಲಿ ಎಂದೇ ಕಡಿಮೆ ಬರೆಯುವ ನಮ್ಮ ಕಚೇರಿಗಳಲ್ಲಿ ಈ ಸಲಹೆಗೆ ಎಷ್ಟು ಸ್ವಾಗತ ಸಿಗುತ್ತದೋ ಊಹಿಸಬಹುದು.

ಹಾಗೆಂದು ಸಮಯ, ಹಣ ಎರಡೇ ಅಳತೆಯಾದರೆ ಸಿಡ್ನಿಯ ಆಪೆರಾ ಹೌಸ್ ಗತಿಗೆಟ್ಟ ಕಟ್ಟಡವಾಗುತ್ತದೆ. 70 ಲಕ್ಷ ಡಾಲರ್ ಎಂದದ್ದು 10 ಕೋಟಿ 20 ಲಕ್ಷವಾಯಿತು, 1963ರಲ್ಲಿ ಮುಗಿಯಬೇಕಾದದ್ದು 1973ಕ್ಕೆ ಮುಗಿಯಿತು, ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ನಡುವೆಯೇ ಬಿಟ್ಟುಹೋದರು. 2003ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು. ವಿನ್ಯಾಸಕ್ಕೆ ಸಲ್ಲಬೇಕಾದ್ದೇ. ನಿರ್ವಹಣೆಗೆ ಕೊಡಿ ಎಂದರೆ ನಾನು ಒಪ್ಪುವುದಿಲ್ಲ. ಯೋಜನಾ ನಿರ್ವಹಣೆಯ ಅಂತರರಾಷ್ಟ್ರೀಯ ಸಂಘ ಐಪಿಎಂಎ ತನ್ನ ಯೋಜನಾ ಪ್ರಶಸ್ತಿಗೆ ಫಲಿತಾಂಶದ ಜೊತೆ ಜನರನ್ನು ನಡೆಸಿಕೊಂಡ ಬಗೆಯನ್ನೂ, ಕೆಲಸದ ಕ್ರಮವನ್ನೂ ತೂಗುತ್ತದೆ. ಮೌಲ್ಯಮಾಪಕರು ಸೈಟಿಗೇ ಹೋಗಿ ಕೇಳುತ್ತಾರೆ. ಆ ತಕ್ಕಡಿಯಲ್ಲಿ ಕೊಂಕಣ ರೈಲಿಗೆ ಒಂದು ಭಾರವಾದ ಕಲ್ಲೂ ಬೀಳುತ್ತದೆ: ಮಾರ್ಗ ಕಟ್ಟುವಾಗ ಸತ್ತವರು 74 ಮಂದಿ.

ಮಾರ್ಗ ಮುಗಿದ ಮೇಲಿನ ಲೆಕ್ಕ ಬೇರೆ. ಗುಡ್ಡ ಕಡಿದ ಕಡಿದಾದ ಅಂಚುಗಳಿಂದ ಮಳೆಗಾಲದಲ್ಲಿ ಬಂಡೆ ಜಾರಿ ಬೀಳತೊಡಗಿತು. 2003ರ ಜೂನ್‌ನಲ್ಲಿ ವೈಭವವಾಡಿ ಬಳಿ ರೈಲು ಹಳಿ ತಪ್ಪಿ ಐವತ್ತರಷ್ಟು ಜನ ಸತ್ತರು. ಮರುವರ್ಷ ಅದೇ ತಿಂಗಳು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂಡೆಗೆ ಬಡಿಯಿತು. ಆಮೇಲೆ ಇಳಿಜಾರುಗಳ ಓರೆ ತಗ್ಗಿಸಿದರು, ಬಲೆ ಬಿಗಿದರು, ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಬಂತು. ಉಡುಪಿಯಿಂದ ಜುಲೈನಲ್ಲಿ ಹೊರಟವರಿಗೆ ಆ ನಿಧಾನದ ಪರಿಚಯವಿದೆ. ಪೆರ್ನೆಮ್ ಸುರಂಗದಲ್ಲಿ 2024ರ ಜುಲೈನಲ್ಲೂ ನೀರು ಉಕ್ಕಿ ರೈಲುಗಳು ನಿಂತವು.

ಗುತ್ತಿಗೆ ಕಾಮಗಾರಿಗಳಲ್ಲಿ ದೋಷ ಹೊಣೆಗಾರಿಕೆ ಅವಧಿ, ಅಂದರೆ ಕಟ್ಟಿದ್ದರಲ್ಲಿ ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕಾದ ಕಾಲ, ಮುಗಿಯುವವರೆಗೆ ಬಿಲ್ಲಿನ ಒಂದು ಪಾಲನ್ನು ತಡೆಹಿಡಿಯುತ್ತಾರೆ. ಪದಕಕ್ಕೂ ಅದೇ ನಿಯಮ ಹಾಕಬಹುದು: ನಾಲ್ಕು ಮಳೆಗಾಲ ಕಳೆಯಲಿ, ಮೂಲ ಎಸ್ಟಿಮೇಟಿನ ಪ್ರತಿಯನ್ನೂ ತೀರ್ಪುಗಾರರ ಮುಂದಿಡಲಿ. ತೊಡಕೆಂದರೆ, ಅಷ್ಟು ಹೊತ್ತಿಗೆ ನಮ್ಮಲ್ಲಿ ಆ ಎಂಜಿನಿಯರ್ ಎರಡು ಮೂರು ಕಡೆ ವರ್ಗವಾಗಿ, ಯಾರ ಕೊರಳಿಗೆ ಹಾಕಬೇಕೆಂದೇ ತಿಳಿಯದಾಗಿರುತ್ತದೆ. ಶ್ರೀಧರನ್ ರೈಲ್ವೆಯಿಂದ ನಿವೃತ್ತರಾದ ವರ್ಷವೇ ಕೊಂಕಣದ ಹೊಣೆ ಹೊತ್ತವರು, ಏಳು ವರ್ಷ ಅದೇ ಕುರ್ಚಿಯಲ್ಲಿದ್ದರು. 1997ರಲ್ಲಿ ದೆಹಲಿ ಮೆಟ್ರೊಗೆ ಹೋಗಿ, 2011ರ ಕೊನೆಯವರೆಗೂ ಅಲ್ಲಿದ್ದರು.