ಅರ ಹಿಡಿದವರ ಕೈಯಲ್ಲಿದ್ದ ಹೆಸರು

ರಿವಾಲ್ವರ್‌ನಲ್ಲಿ ಒಂದು ಕಡೆ ಸಂದಿ ಬಿಡಲೇಬೇಕು. ಗುಂಡು ತುಂಬುವ ಸಿಲಿಂಡರ್ ತಿರುಗಬೇಕು, ಅದರ ಮುಂದಿರುವ ಬ್ಯಾರೆಲ್ (ಗುಂಡು ಹೊರಹೋಗುವ ನಳಿಗೆ) ಅಲ್ಲಾಡಬಾರದು. ಹಾಗಾಗಿ ಎರಡರ ನಡುವೆ ಸುಮಾರು 0.1ರಿಂದ 0.2 ಮಿಲಿಮೀಟರ್ ಜಾಗ. ಇದು ತೀರಾ ಕಡಿಮೆ ಆದರೆ ಸ್ವಲ್ಪ ಹೊತ್ತು ಹಾರಿಸುವಷ್ಟರಲ್ಲಿ ಮಸಿ ಕಟ್ಟಿ, ಲೋಹ ಬಿಸಿಗೆ ಹಿಗ್ಗಿ ಸಿಲಿಂಡರ್ ಸಿಕ್ಕಿಹಾಕಿಕೊಳ್ಳುತ್ತದೆ. ಜಾಸ್ತಿ ಆದರೆ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ, ಗುಂಡಿನ ವೇಗವೂ ಇಳಿಯುತ್ತದೆ.

ಇದಕ್ಕಿಂತ ಕಷ್ಟದ್ದು ಟೈಮಿಂಗ್. ಟ್ರಿಗರ್ ಎಳೆದಾಗ 'ಹ್ಯಾಂಡ್' ಅನ್ನುವ ಪುಟ್ಟ ಉಕ್ಕಿನ ತುಂಡು ಸಿಲಿಂಡರ್ ಹಿಂಬದಿಯ ಹಲ್ಲನ್ನು ಮೇಲಕ್ಕೆ ತಳ್ಳುತ್ತದೆ, ಸಿಲಿಂಡರ್ ತಿರುಗುತ್ತದೆ, ಕೆಳಗಿನಿಂದ ಇನ್ನೊಂದು ತುಂಡು ಎದ್ದು ಅದರ ಮೈಮೇಲಿನ ಕಚ್ಚಿಗೆ ಕೂತು ಬಿಗಿಹಿಡಿಯುತ್ತದೆ. ಗುಂಡು ಸಿಡಿಸುವ ಸುತ್ತಿಗೆ, ಅಂದರೆ ಹ್ಯಾಮರ್, ಬೀಳುವ ಮೊದಲೇ ಇಷ್ಟೂ ಮುಗಿದಿರಬೇಕು. ತಡವಾದರೆ ಗುಂಡು ಬ್ಯಾರೆಲ್‌ನ ಬಾಯಿಗೆ ಓರೆಯಾಗಿ ತಾಗಿ ಸೀಸದ ಚೂರು ಹಾರುತ್ತದೆ. ಆರು ಗುಂಡಿನ ರಿವಾಲ್ವರ್ ಅಂದರೆ ಆರು ಹಲ್ಲು, ಆರು ಕಚ್ಚು. ಐದು ಸರಿಯಿದ್ದು ಒಂದು ತಪ್ಪಿದರೂ ಬಂದೂಕು ಕೆಟ್ಟದ್ದೇ.

ಇಲ್ಲಿ ಒಂದು ತೊಡಕಿದೆ. ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಅಳೆದರೆ ಎಲ್ಲವೂ ಮಿತಿಯೊಳಗೇ ಇರಬಹುದು, ಆದರೆ ಆ ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಒಂದೇ ಕಡೆಗೆ ಸೇರಿಬಿಟ್ಟರೆ ಜೋಡಿಸಿದ ಮೇಲೆ ಲೆಕ್ಕ ತಪ್ಪುತ್ತದೆ. 1836ರಲ್ಲಿ ರಿವಾಲ್ವರ್‌ಗೆ ಅಮೆರಿಕದ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್‌ಗೂ ಇದೇ ಪಾಡು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಯಂತ್ರದಿಂದ ಮಾಡಿದ ರಿವಾಲ್ವರ್ ಅಂತ ಆತ ಹೆಸರು ಮಾಡಿದ, ನಿಜ. ಆದರೆ ಆ ಕಾಲದ ಕೋಲ್ಟ್ ಬಿಚ್ಚಿ ನೋಡಿದರೆ ಮುಖ್ಯ ಭಾಗಗಳ ಮೇಲೆಲ್ಲ ಒಂದೇ ನಂಬರ್ ಕೆತ್ತಿರುತ್ತದೆ. ಯಾಕೆ ಅಂದರೆ ಅವನ್ನು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸಿರುತ್ತಿದ್ದರು, ಬೇರೆಯದರ ಜೊತೆ ಬೆರೆತರೆ ಕೂರುತ್ತಿರಲಿಲ್ಲ.

ನೂರು ವರ್ಷ ಕಳೆದರೂ ಈ ಕೈಕೆಲಸ ಹೋಗಲಿಲ್ಲ. 1955ರಲ್ಲಿ ಬಂದ ಕೋಲ್ಟ್ ಪೈಥಾನ್ ಅನ್ನುವ ರಿವಾಲ್ವರ್ ಹೆಸರು ಗಳಿಸಿದ್ದೇ ಅದರಿಂದ. ಹಾರುವ ಕ್ಷಣದಲ್ಲೂ ಹ್ಯಾಂಡ್ ಸಿಲಿಂಡರನ್ನು ಒತ್ತಿ ಹಿಡಿದಿರುತ್ತದೆ, ಒಂದಿಷ್ಟೂ ಅಲುಗದು. ಅದೇ ಒತ್ತಡಕ್ಕೆ ಹ್ಯಾಂಡ್ ಸವೆಯುತ್ತದೆ ಕೂಡ, ಬಳಸುತ್ತಾ ಬಂದರೆ ಟೈಮಿಂಗ್ ಮತ್ತೆ ಕೂರಿಸಬೇಕು.

ನನಗೆ ಮುಖ್ಯ ಅನಿಸುವುದು ಇದು: ಅರ ಹಿಡಿದು ಭಾಗ ಹೊಂದಿಸುತ್ತಿದ್ದ ಫಿಟ್ಟರ್ ಬರೀ ಜೋಡಿಸುತ್ತಿರಲಿಲ್ಲ, ತಪಾಸಣೆಯನ್ನೂ ಮಾಡುತ್ತಿದ್ದ. ಒಂದು ಸಲ ಉಜ್ಜಿ, ಕೂರಿಸಿ, ಆರೂ ಕೋಣೆ ತಿರುಗಿಸಿ ನೋಡಿ, ಮತ್ತೆ ಉಜ್ಜುವ ಕೆಲಸದಲ್ಲೇ ಕ್ವಾಲಿಟಿ ಕಂಟ್ರೋಲ್ ಸೇರಿಕೊಂಡಿತ್ತು. ಅವನ ಕೂಲಿ ಉಳಿಸಲು ಹೋದ ಕಂಪನಿ ತಪಾಸಣೆಗೆ ಬೇರೆ ಏರ್ಪಾಡು ಮಾಡದಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಗುಣಮಟ್ಟ ಇಳಿಯಿತು ಅಂತ ಯಂತ್ರವನ್ನು ಬೈಯುವವರು ಇದನ್ನು ಮರೆಯುತ್ತಾರೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಹಳೇ ಯಂತ್ರಗಳಿಗಿಂತ ಎಷ್ಟೋ ಕರಾರುವಾಕ್ಕು.

ಇನ್ನೊಂದು ರಿವಾಲ್ವರ್ ಕಂಪನಿ ಸ್ಮಿತ್ ಅಂಡ್ ವೆಸನ್ ಕಥೆಯೂ ಹೀಗೆಯೇ. 1965ರಿಂದ 1984ರವರೆಗೆ ಅದು ಬ್ಯಾಂಗರ್ ಪಂಟಾ ಅನ್ನುವ ಉದ್ಯಮ ಸಮೂಹದ ಕೈಯಲ್ಲಿತ್ತು, ಆ ಕಾಲದ ಮಾಲಿನ ಬಗ್ಗೆ ಹಳೇ ಬಳಕೆದಾರರು ಇವತ್ತಿಗೂ ಗೊಣಗುತ್ತಾರೆ. ಬ್ಯಾರೆಲ್ ತಿರುಗದಂತೆ ಅಡ್ಡ ಪಿನ್ ಹೊಡೆಯುವ ಪದ್ಧತಿ 1982ರ ಸುಮಾರಿಗೆ ನಿಂತಿತು. ಪಿನ್ ಇಲ್ಲದಿದ್ದರೂ ಬ್ಯಾರೆಲ್ಲಿನ ತಿರುಪು ಬಿಗಿಯಾಗಿ ಕೂತರೆ ತೊಂದರೆ ಇಲ್ಲ. ಆದರೆ ಬ್ಯಾರೆಲ್ ಒಂಚೂರು ಹೆಚ್ಚು ಅಥವಾ ಕಡಿಮೆ ತಿರುಗಿದರೆ, ತುದಿಯಲ್ಲಿ ಗುರಿ ನೋಡಲು ಇರುವ ಮೊನೆ ಒಂದು ಪಕ್ಕಕ್ಕೆ ವಾಲುತ್ತದೆ. ಹಿಂದಿನಿಂದ ಸುಮ್ನೆ ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಇಂಥದ್ದು ಅಂಗಡಿಯವರೆಗೂ ಬಂತು ಅಂದರೆ ಕಾರ್ಖಾನೆಯಲ್ಲಿ ಯಾರೂ ನೋಡಲೇ ಇಲ್ಲ ಅಂತ ಅರ್ಥ, ಅಲ್ವಾ?

ಪೈಥಾನ್ ತಯಾರಿಕೆ 2005ರ ಹೊತ್ತಿಗೆ ಪೂರ್ತಿ ನಿಂತಿತ್ತು. 2020ರಲ್ಲಿ ಕೋಲ್ಟ್ ಅದನ್ನು ಕಡಿಮೆ ಬಿಡಿಭಾಗಗಳಿಂದ, ಹೊಸ ಯಂತ್ರಗಳಿಗೆ ಒಗ್ಗುವಂತೆ ಮತ್ತೆ ವಿನ್ಯಾಸ ಮಾಡಿ ತಂದಿತು. ಕೈಯಿಂದ ಉಜ್ಜುವ ಕೆಲಸವನ್ನೇ ತಗ್ಗಿಸುವುದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಮೊದಮೊದಲು ಕೊಂಡ ಕೆಲವರು ಟ್ರಿಗರ್ ಎಳೆದರೆ ಸಿಲಿಂಡರ್ ಮುಂದಿನ ಗುಂಡಿಗೆ ಸರಿಯಾಗಿ ತಿರುಗುತ್ತಿಲ್ಲ ಅಂತ ದೂರಿದರು. ಆ ದೂರು ಅಷ್ಟು ದೊಡ್ಡದಾಗಿ ಕೇಳಿಸಲು ಕಾರಣ ಇದೆ: ಚೆನ್ನಾಗಿ ನೋಡಿಕೊಂಡ ರಿವಾಲ್ವರ್ ಮೂರು ತಲೆಮಾರು ಬಾಳುತ್ತದೆ, ಹೊಸದನ್ನು ಕೊಂಡವರ ಪಕ್ಕದಲ್ಲೇ ತಾತನ ಕಾಲದ್ದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಜಾಹೀರಾತು ಏನೇ ಹೇಳಲಿ, ಎರಡನ್ನೂ ಕೈಯಲ್ಲಿ ಹಿಡಿದು ಹೋಲಿಸುವುದಕ್ಕೆ ಅರ್ಧ ನಿಮಿಷ ಸಾಕು.