ಲೆಕ್ಕ ತಪ್ಪಿದ್ದೋ, ಓದು ತಪ್ಪಿದ್ದೋ?

ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಚಿಗರಿ ಬಸ್ಸು ಚೆನ್ನಾಗಿ ಗೊತ್ತು. ಮೂರನೇ ತರಗತಿಗೆ ಅದರದೇ ಒಂದು ಲೆಕ್ಕ ಕೊಡಿ: ‘ಬಸ್ಸಿನಲ್ಲಿ ಕೆಲವರು ಇದ್ದರು. ನವನಗರದಲ್ಲಿ 14 ಮಂದಿ ಇಳಿದರು, ಯಾರೂ ಹತ್ತಲಿಲ್ಲ. ಈಗ 23 ಮಂದಿ ಉಳಿದಿದ್ದಾರೆ. ಮೊದಲು ಎಷ್ಟು ಮಂದಿ ಇದ್ದರು?’ ಹಲವರು 9 ಎಂದು ಬರೆಯುತ್ತಾರೆ. 23ರಲ್ಲಿ 14 ಕಳೆದರೆ 9 ಸರಿಯೇ. ಆದರೆ ಒಂಬತ್ತೇ ಜನರಿದ್ದ ಬಸ್ಸಿನಿಂದ 14 ಮಂದಿ ಇಳಿಯುವುದು ಹೇಗೆ?

‘ಒಟ್ಟು ಅಂದರೆ ಕೂಡು, ಉಳಿದ ಅಂದರೆ ಕಳೆ’ ಎಂಬ ಸುಲಭೋಪಾಯದ ಫಲ ಇದು. ಮಗು ಕಥೆ ಓದುವುದನ್ನು ಬಿಟ್ಟು ಆ ಪದಗಳನ್ನೇ ಹುಡುಕತೊಡಗುತ್ತದೆ. 1979ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 97 ಮಕ್ಕಳಿಗೆ ಹೀಗೆ ಕೇಳಿದ್ದರು: ‘ಹಡಗಿನಲ್ಲಿ 26 ಕುರಿ, 10 ಆಡು ಇವೆ. ಕಪ್ತಾನನ ವಯಸ್ಸೆಷ್ಟು?’ 76 ಮಕ್ಕಳು ಆ ಸಂಖ್ಯೆಗಳನ್ನೇ ಬಳಸಿ ವಯಸ್ಸು ಹೇಳಿಬಿಟ್ಟರು.

ಕನ್ನಡದಲ್ಲಿ ಓದುವ ಮಗುವಿಗೆ ಇನ್ನೊಂದು ತೊಡಕಿದೆ. ‘ಈರಣ್ಣ ಬಸಪ್ಪನಿಗೆ 6 ಹುಣಸೆ ಬೀಜ ಕೊಟ್ಟ’, ‘ಈರಣ್ಣನಿಗೆ ಬಸಪ್ಪ 6 ಹುಣಸೆ ಬೀಜ ಕೊಟ್ಟ’: ಪದಗಳು ಅವೇ, ಕ್ರಮವೂ ಅದೇ, ‘ನಿಗೆ’ ಜಾಗ ಬದಲಿಸಿದ್ದಕ್ಕೆ ಬೀಜ ಯಾರ ಕೈ ಸೇರಿತು ಎಂಬುದೇ ಬದಲಾಯಿತು. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗು ಪದದ ಕೊನೆಗೆ ಬರುವಷ್ಟರಲ್ಲಿ ದಣಿದು ಪ್ರತ್ಯಯವನ್ನು ನುಂಗಿಬಿಡುತ್ತದೆ. ‘ಗಿಂತ’ವೂ ಹಾಗೆಯೇ. ‘ಈರಣ್ಣನ ಹತ್ತಿರ 18 ಬೀಜ ಇವೆ. ಅವು ಬಸಪ್ಪನ ಬೀಜಗಳಿಗಿಂತ 5 ಹೆಚ್ಚು. ಬಸಪ್ಪನ ಬಳಿ ಎಷ್ಟು?’ ‘ಹೆಚ್ಚು’ ಕಂಡ ಮಗು ಕೂಡಿ 23 ಬರೆಯುತ್ತದೆ, ಇರಬೇಕಾದ್ದು 13.

ಮೊದಲು ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡಿ. ತಪ್ಪಿದ ಲೆಕ್ಕವನ್ನು ನೀವೇ ಎರಡು ಸಲ ನಿಧಾನವಾಗಿ ಓದಿ ಹೇಳಿ. ಆಗ ಉತ್ತರ ಸರಿಬಂದರೆ ಆ ಮಗುವಿಗೆ ಬೇಕಾದದ್ದು ಓದಿನ ಅಭ್ಯಾಸ. ಕಳೆಯುವ ಲೆಕ್ಕದ ಹಾಳೆ ಎಷ್ಟು ಕೊಟ್ಟರೂ ಉಪಯೋಗವಿಲ್ಲ.

ಆಮೇಲೆ ದಿನಕ್ಕೆ ಒಂದೇ ಲೆಕ್ಕ, ಹದಿನೈದು ನಿಮಿಷ. ಹಲಗೆಯ ಮೇಲೆ ಬರೆಯುವಾಗ ಸಂಖ್ಯೆಗಳ ಜಾಗದಲ್ಲಿ ಖಾಲಿ ಚೌಕ ಬಿಡಿ. ಸಂಖ್ಯೆ ಇಲ್ಲದಿದ್ದರೆ ಕೂಡಲಿಕ್ಕೂ ಆಗದು, ಕಳೆಯಲಿಕ್ಕೂ ಆಗದು, ಕಥೆಯನ್ನೇ ಓದಬೇಕಾಗುತ್ತದೆ. ಇಬ್ಬರು ಮೂವರು ಮಕ್ಕಳು ಅದನ್ನು ಮನೆಮಾತಿನಲ್ಲಿ ಹೇಳಲಿ: ‘ಬಸ್ಸಿನ್ಯಾಗ ಮಂದಿ ಇದ್ರು, ನವನಗರದಾಗ ಒಂದಿಷ್ಟು ಮಂದಿ ಇಳದ್ರು, ಇನ್ನೊಂದಿಷ್ಟು ಮಂದಿ ಉಳದ್ರು.’ ಇಲ್ಲಿ ಪುಸ್ತಕದ ಭಾಷೆಗೆ ತಿದ್ದಲು ಹೋಗಬೇಡಿ, ತಿದ್ದಿದೊಡನೆ ಮಗು ಬಾಯಿ ಮುಚ್ಚುತ್ತದೆ. ಶಿಕ್ಷಕರೇ ಕಥೆ ಹೇಳಿ ಮುಗಿಸಿದರೂ ಕೆಲಸ ಕೆಟ್ಟಿತು, ಏಕೆಂದರೆ ಅರ್ಥ ಮಾಡಿಕೊಳ್ಳುವ ಶ್ರಮವೆಲ್ಲ ಅವರದೇ ಆಗುತ್ತದೆ.

ನಂತರ ಒಂದು ಉದ್ದ ಪಟ್ಟಿ ಎಳೆಸಿ. ಇಡೀ ಪಟ್ಟಿ ಮೊದಲಿದ್ದವರು. ನಡುವೆ ಗೆರೆ ಹಾಕಿದರೆ ಒಂದು ತುಂಡು ಇಳಿದವರು, ಇನ್ನೊಂದು ಉಳಿದವರು. ಪಟ್ಟಿ ಅಳತೆಗೆ ಸರಿಯಾಗಿರಬೇಕಿಲ್ಲ, ಸ್ಕೇಲು ಹಿಡಿದರೆ ಹೊತ್ತು ಅಲ್ಲೇ ಹೋಗುತ್ತದೆ. ಮೊದಲಿದ್ದವರು ಉಳಿದವರಿಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದ ಮೇಲೆಯೇ ಚೌಕಗಳಲ್ಲಿ ಸಂಖ್ಯೆ ತುಂಬಿ. ಎರಡು ತುಂಡು ಸೇರಿ 37 ಎಂದು ಮಕ್ಕಳಿಗೇ ಕಾಣುತ್ತದೆ.

ಏನು ಬದಲಾಯಿತು ಎಂಬುದನ್ನು ಅಡಗಿಸಿಟ್ಟ ಲೆಕ್ಕಕ್ಕಿಂತ ಮೊದಲು ಎಷ್ಟಿತ್ತು ಎಂಬುದನ್ನು ಅಡಗಿಸಿಟ್ಟದ್ದು ಕಠಿಣ. ಕೊನೆಯಲ್ಲಿ ಎಷ್ಟು ಎಂದು ಕೇಳುವುದು ಎಲ್ಲಕ್ಕಿಂತ ಸುಲಭ, ಅಲ್ಲಿಂದಲೇ ಶುರುಮಾಡಿ. ವಾರಕ್ಕೊಮ್ಮೆ ಕಪ್ತಾನನ ವಯಸ್ಸಿನಂಥ ಉತ್ತರವಿಲ್ಲದ ಲೆಕ್ಕವನ್ನೂ ಸೇರಿಸಿ. ‘ಇದನ್ನು ಹೇಳಲಿಕ್ಕೆ ಆಗೂದಿಲ್ರಿ’ ಎಂದ ಮಗುವಿಗೆ ಪೂರ್ಣ ಅಂಕ ಕೊಡಿ.